ಒಂದೇ ಫ್ಲೋರ್, ಒಂದೇ ಸಂಬಳ. ಒಂದು ಲೈನ್‌ನಲ್ಲಿ ಮಾತ್ರ ಸಿಕ್ ಲೀವ್ ಜಾಸ್ತಿ, ಯಾಕಿರಬಹುದು?

ಪೀಣ್ಯ_ಎಚ್‌ಆರ್:

ಎಲ್ಲರಿಗೂ ನಮಸ್ಕಾರ. ಪೀಣ್ಯದ ಕಡೆ ಒಂದು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಎಚ್‌ಆರ್ ಕೆಲಸ ನನ್ನದು. ಈ ಫೀಲ್ಡ್‌ಗೆ ಹೊಸಬಳು. ಫ್ಯಾಕ್ಟರಿ ಹೆಸರು ದಯವಿಟ್ಟು ಕೇಳಬೇಡಿ.

ನಮ್ಮಲ್ಲಿ ಒಂದೇ ಫ್ಲೋರ್‌ನಲ್ಲಿ ಅಕ್ಕಪಕ್ಕ ಎರಡು ಲೈನ್, ಅಂದರೆ ಹೊಲಿಗೆ ಮಷಿನ್‌ಗಳ ಸಾಲು, ಇವೆ. ಎರಡರಲ್ಲೂ ಶರ್ಟ್ ಹೊಲಿಯುತ್ತಾರೆ. ಸಂಬಳ ಒಂದೇ, ಊಟದ ಟೈಮ್ ಒಂದೇ, ಹೆಂಗಸರು ಬರುವ ವ್ಯಾನ್‌ಗಳೂ ಹೆಚ್ಚುಕಮ್ಮಿ ಅವೇ. ಆದರೆ ಹುಷಾರಿಲ್ಲ ಅಂತ ರಜೆ ಹಾಕುವುದು ಒಂದು ಲೈನ್‌ನಲ್ಲಿ ಇನ್ನೊಂದರ ಎರಡು ಪಟ್ಟು. ಒಂದು ತಿಂಗಳು ಹೀಗಾಗಿದ್ದರೆ ಡೆಂಗ್ಯೂ, ವೈರಲ್ ಅಂದುಕೊಂಡು ಸುಮ್ನೆ ಇರುತ್ತಿದ್ದೆ. ವರ್ಷದಿಂದ ಹೀಗೇ ನಡೆದಿದೆ.

ಜಾಸ್ತಿ ರಜೆ ಇರುವ ಲೈನ್‌ನ ಸೂಪರ್‌ವೈಸರ್ ನಮ್ಮ ಜಿಎಂ (ಜನರಲ್ ಮ್ಯಾನೇಜರ್) ಕಣ್ಣಿಗೆ ಹೀರೋ. ಗಂಟೆ ಗಂಟೆಯ ಟಾರ್ಗೆಟ್ ಮುಟ್ಟಿಸುತ್ತಾನೆ, ಅದು ನಿಜ. ಮುಟ್ಟಿಸುವ ರೀತಿ ಮಾತ್ರ ನನ್ನ ಕ್ಯಾಬಿನ್ ತನಕ ಕೇಳಿಸುತ್ತದೆ. ಪಕ್ಕದ ಲೈನ್‌ನ ಸೂಪರ್‌ವೈಸರ್ ಮೊದಲು ತಾವೇ ಟೈಲರ್ ಆಗಿದ್ದವರು, ಮಷಿನ್ ನಿಂತರೆ ಬಂದು ಪಕ್ಕದಲ್ಲಿ ನಿಲ್ಲುತ್ತಾರೆ, ಕೂಗಾಡುವುದು ಕಮ್ಮಿ. ಅವರ ಲೈನ್‌ನ ಪೀಸ್ ಲೆಕ್ಕ ತಿಂಗಳ ಕೊನೆಗೆ ಅಷ್ಟೇನೂ ಹಿಂದೆ ಬಿದ್ದಿರುವುದಿಲ್ಲ.

ಜಿಎಂ ಹೇಳುವುದು ಇಷ್ಟೇ, "ಇವರೆಲ್ಲ ನಾಟಕ ಆಡುತ್ತಾರೆ, ಅಟೆಂಡೆನ್ಸ್ ಬೋನಸ್ ಜಾಸ್ತಿ ಮಾಡಿ, ಪದೇ ಪದೇ ರಜೆ ಹಾಕುವವರಿಗೆ ವಾರ್ನಿಂಗ್ ಲೆಟರ್ ಕೊಡಿ." ಕಾರಣ ಸೂಪರ್‌ವೈಸರ್ ಇರಬಹುದು ಅಂತ ನಾನು ಅಂದರೆ "ನಿಮ್ಮ ಟ್ರೈನಿಂಗ್ ಕ್ಲಾಸ್ ಮಾತು ಬಿಡಿ" ಅನ್ನುತ್ತಾರೆ. ಮೇಲಿನವರು ನಡೆದುಕೊಳ್ಳುವ ರೀತಿಗೂ ಕೆಳಗಿನವರ ಕಾಯಿಲೆ ರಜೆಗೂ ನಿಜವಾಗಿ ಸಂಬಂಧ ಇದೆ ಅಂತ ಯಾರಾದರೂ ಲೆಕ್ಕ ಹಾಕಿ ತೋರಿಸಿದ್ದಾರಾ? ಇದ್ದರೆ ಜಿಎಂ ಮುಂದೆ ಏನು ಇಡಲಿ?


ಲೈನ್_ಪ್ಲಾನರ್:

ಮೇಡಂ, ಸೂಪರ್‌ವೈಸರ್ ತಲೆಗೆ ಕಟ್ಟುವ ಮೊದಲು ಒಂದಿಷ್ಟು ನೋಡಿಕೊಳ್ಳಿ. ನಾನು ಪ್ರೊಡಕ್ಷನ್ ಕಡೆಯವನು, ನನ್ನ ಮಾತು ಆ ಕಡೆಗೇ ವಾಲುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಒಂದು ಲೈನ್ ಅಂದರೆ ಎಷ್ಟು ಜನ, ನಲವತ್ತು ಐವತ್ತು? ಅದರಲ್ಲಿ ಇಬ್ಬರು ಮೂವರಿಗೆ ಬೆನ್ನು ನೋವೋ ಗರ್ಭಕೋಶದ ತೊಂದರೆಯೋ ಇದ್ದು ಅವರು ಉದ್ದುದ್ದ ರಜೆ ಹಾಕಿದರೆ ಇಡೀ ಲೈನ್‌ನ ಸರಾಸರಿ ಡಬಲ್ ಆಗಿ ಕಾಣುತ್ತದೆ. ಮೊದಲು ಅವರನ್ನು ಬೇರೆ ತೆಗೆದಿಟ್ಟು ಲೆಕ್ಕ ಹಾಕಿ. ಆಮೇಲೆ ಕಾಲರ್, ಕಫ್, ಸ್ಲೀವ್ ಅಟ್ಯಾಚ್ ಎರಡು ಲೈನ್‌ನಲ್ಲೂ ಒಂದೇ ಥರ ಹಂಚಿದೆಯಾ ನೋಡಿ. ಹೊಸದಾಗಿ ಸೇರಿದವರನ್ನು ಯಾವ ಲೈನ್‌ಗೆ ತಳ್ಳುತ್ತೀರಿ? ಚಿಕ್ಕ ಮಕ್ಕಳ ತಾಯಂದಿರು ಎಲ್ಲಿ ಜಾಸ್ತಿ? ಮಗುವಿಗೆ ಜ್ವರ ಬಂದರೂ ರಿಜಿಸ್ಟರ್‌ನಲ್ಲಿ ಬರೆಯುವುದು ತನಗೆ ಹುಷಾರಿಲ್ಲ ಅಂತಲೇ. ಊರ ಜಾತ್ರೆ, ರೇಷನ್ ಕಾರ್ಡ್‌ನ ಬೆರಳಚ್ಚು, ಗಂಡನ ಕುಡಿತ, ಎಲ್ಲಕ್ಕೂ ನಮ್ಮ ಫ್ಲೋರ್‌ನಲ್ಲಿ ಒಂದೇ ಹೆಸರು, ಹುಷಾರಿಲ್ಲ.

ಇನ್ನೊಂದು ವಿಷಯವಿದೆ, ಇದನ್ನು ಯಾರೂ ಹೇಳುವುದಿಲ್ಲ. ಯಾವ ಲೈನ್ ಕೈಗೆ ಸಿಗುತ್ತಿಲ್ಲವೋ ಅದಕ್ಕೇ ಮ್ಯಾನೇಜ್‌ಮೆಂಟ್ ಜೋರು ಮಾಡುವವನನ್ನು ಹಾಕುತ್ತದೆ. ಆಗ ಜೋರು ಮಾಡಿದ್ದಕ್ಕೆ ರಜೆ ಜಾಸ್ತಿಯಾಯಿತೋ, ರಜೆ ಜಾಸ್ತಿ ಇದ್ದದ್ದಕ್ಕೆ ಜೋರು ಮಾಡುವವನು ಬಂದನೋ? ಅವನು ಬರುವ ಮುಂಚಿನ ವರ್ಷದ ರಿಜಿಸ್ಟರ್ ತೆಗೆದು ನೋಡಿ. ಅದು ಸಿಕ್ಕರೆ ಅರ್ಧ ಉತ್ತರ ಸಿಕ್ಕ ಹಾಗೆ.


ಫ್ಯಾಕ್ಟರಿ_ಡಾಕ್ಟ್ರು:

ಪ್ಲಾನರ್ ಕೇಳಿದ್ದೆಲ್ಲ ಸರಿಯಾದ ಪ್ರಶ್ನೆಗಳು. ಆದರೆ "ಲೆಕ್ಕ ಹಾಕಿದ್ದಾರಾ" ಅನ್ನುವುದಕ್ಕೆ ಉತ್ತರ ಹೌದು. ಚೆನ್ನಾಗಿಯೇ ಹಾಕಿದ್ದಾರೆ.

ಇಂಗ್ಲೆಂಡ್‌ನಲ್ಲಿ ವೈಟ್‌ಹಾಲ್ 2 ಅಂತ ಒಂದು ಅಧ್ಯಯನ ಇದೆ. 1985ರಲ್ಲಿ ಶುರುವಾಯಿತು. ಲಂಡನ್‌ನ 10,308 ಸರ್ಕಾರಿ ನೌಕರರು, ಎಲ್ಲರೂ 35ರಿಂದ 55 ವಯಸ್ಸಿನವರು, ಎಲ್ಲರೂ ಆಫೀಸುಗಳಲ್ಲಿ ಕೆಲಸ ಮಾಡುವವರು. ಮೈಕಲ್ ಮಾರ್ಮಟ್ ಅನ್ನುವವರ ತಂಡ ಇವರನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಗಂಡಸರಲ್ಲಿ ಕೆಳಗಿನ ದರ್ಜೆಯವರ ಕಾಯಿಲೆ ರಜೆ ಮೇಲಿನ ದರ್ಜೆಯವರ ಸುಮಾರು 6 ಪಟ್ಟು ಇತ್ತು. ಇವರು ಗಣಿ ಕೆಲಸದವರಲ್ಲ, ಒಂದೇ ಊರಿನ ಆಫೀಸಿನವರು. ಬೀಡಿ ಸಿಗರೇಟು, ವಯಸ್ಸು ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೂ ವ್ಯತ್ಯಾಸ ಪೂರ್ತಿ ಹೋಗಲಿಲ್ಲ. ತನ್ನ ಕೆಲಸದ ಮೇಲೆ ತನಗೆ ಹಿಡಿತ ಕಮ್ಮಿ ಇದ್ದವರಲ್ಲಿ ಕಾಯಿಲೆ ರಜೆ ಜಾಸ್ತಿ ಕಂಡಿತು. ಯಾವಾಗ ಏಳಬಹುದು, ಯಾವ ಕೆಲಸ ಮೊದಲು ಮಾಡಬಹುದು, ಯಾರನ್ನು ಏನು ಕೇಳಬಹುದು, ಈ ಥರದ ಹಿಡಿತ. ನಮ್ಮ ಫ್ಲೋರ್‌ನಲ್ಲಿ ಅದೆಲ್ಲ ಯಾರ ಕೈಯಲ್ಲಿದೆ? ಸೂಪರ್‌ವೈಸರ್ ಕೈಯಲ್ಲಿ, ಅಲ್ವಾ?

ಫಿನ್‌ಲ್ಯಾಂಡ್‌ನಲ್ಲಿ ಆಸ್ಪತ್ರೆ ಸಿಬ್ಬಂದಿಯ ಮೇಲೆ ಇದೇ ಥರದ ಕೆಲಸ ಆಗಿದೆ. ಮೇಲಿನವರು ನಮ್ಮನ್ನು ನ್ಯಾಯವಾಗಿ ನಡೆಸಿಕೊಳ್ಳುವುದಿಲ್ಲ, ನಮ್ಮ ಮಾತು ಕೇಳುವುದಿಲ್ಲ ಅಂದವರು ಕಾಯಿಲೆ ರಜೆಯನ್ನೂ ಜಾಸ್ತಿ ಹಾಕಿದ್ದರು.

ಇನ್ನು ನಮ್ಮ ಕಡೆಯ ವಿಷಯ. ನಾನು ಫ್ಯಾಕ್ಟರಿಗಳ ಕ್ಲಿನಿಕ್‌ನಲ್ಲಿ ಕೂತು ನೋಡಿದ್ದನ್ನು ಹೇಳುತ್ತೇನೆ. ಮೂತ್ರದ ಸೋಂಕು ಅಂತ ಬರುವ ಹೆಂಗಸರನ್ನು ನೀರು ಎಷ್ಟು ಕುಡಿಯುತ್ತೀರಿ ಅಂತ ಕೇಳಿದರೆ, ಬೆಳಗ್ಗೆ ಮನೆಯಲ್ಲಿ ಒಂದು ಲೋಟ, ಆಮೇಲೆ ಊಟದ ಹೊತ್ತಿಗೆ ಅಷ್ಟೇ ಅನ್ನುತ್ತಾರೆ. ಯಾಕಮ್ಮಾ ಅಂದರೆ, ಕುಡಿದರೆ ಹೋಗಬೇಕಾಗುತ್ತದೆ, ಹೋಗಬೇಕು ಅಂದರೆ ಕೇಳಬೇಕು, ಕೇಳಿದರೆ ಎಲ್ಲರ ಮುಂದೆ ಬೈಸಿಕೊಳ್ಳಬೇಕು. ಆಂಟಿಬಯೋಟಿಕ್ ಬರೆದು ಕಳಿಸುತ್ತೇನೆ, ಸ್ವಲ್ಪ ದಿನಕ್ಕೆ ಅದೇ ಹೆಂಗಸು ಅದೇ ಉರಿ ಅಂತ ವಾಪಸ್ ಬರುತ್ತಾಳೆ. ಇದರಲ್ಲಿ ನಾಟಕ ಎಲ್ಲಿದೆ? ಸೂಪರ್‌ವೈಸರ್‌ನ ಬಾಯಿಂದ ಹುಟ್ಟಿದ ಕಾಯಿಲೆ ಇದು, ಲ್ಯಾಬ್ ರಿಪೋರ್ಟ್‌ನಲ್ಲಿ ಬರುವಂಥದ್ದು.

ಜಿಎಂಗೆ ಇದನ್ನೂ ಹೇಳಿ. ರಜೆಯೇ ಇಲ್ಲದ ಲೈನ್ ಆರೋಗ್ಯವಾಗಿದೆ ಅಂತ ಅಲ್ಲ. ಅದೇ ವೈಟ್‌ಹಾಲ್‌ನ ಗಂಡಸರಲ್ಲಿ, ಆರೋಗ್ಯ ಸರಿಯಿಲ್ಲದಿದ್ದರೂ ಒಂದು ದಿನವೂ ಕಾಯಿಲೆ ರಜೆ ತೆಗೆದುಕೊಳ್ಳದೆ ಬಂದವರನ್ನು, ಅಷ್ಟೇ ಅನಾರೋಗ್ಯ ಇದ್ದು ಮಿತವಾಗಿ ರಜೆ ತೆಗೆದುಕೊಂಡವರ ಜೊತೆ ಹೋಲಿಸಿದರು. ರಜೆ ಹಾಕದವರಲ್ಲಿ ಗಂಭೀರ ಹೃದಯದ ತೊಂದರೆ ಸುಮಾರು ಎರಡು ಪಟ್ಟು ಕಂಡಿತು. ವಾರ್ನಿಂಗ್ ಲೆಟರ್ ಕೊಟ್ಟು ರಜೆ ಇಳಿಸಬಹುದು. ಕಾಯಿಲೆ ಇಳಿಯುವುದಿಲ್ಲ.


ಹಳೇ_ಟೈಲರ್:

ನಾನು ಮೈಸೂರು ರಸ್ತೆ ಕಡೆಯ ಫ್ಯಾಕ್ಟರಿಗಳಲ್ಲಿ ವರ್ಷಗಟ್ಟಲೆ ಹೊಲಿದವಳು. ಈಗ ಮದ್ದೂರಿನಲ್ಲಿ ಮನೆ ಮುಂದೆ ಸ್ವಂತ ಮಷಿನ್ ಇಟ್ಟುಕೊಂಡಿದ್ದೇನೆ. ಡಾಕ್ಟ್ರು ಹೇಳಿದ ನೀರಿನ ವಿಷಯ ಓದಿ ಹೊಟ್ಟೆ ಚುರುಕ್ ಅಂತು, ನಮ್ಮ ಲೈನ್‌ನಲ್ಲಿ ಎಲ್ಲರದ್ದೂ ಅದೇ ಕತೆ.

ಮೇಡಂ, ರಜೆ ಯಾಕೆ ಹಾಕುತ್ತಾರೆ ಅಂತ ಕೇಳುತ್ತಿದ್ದೀರಿ. ನಾನು ತಿರುಗಿಸಿ ಕೇಳುತ್ತೇನೆ, ಆ ಲೈನ್‌ನಲ್ಲಿ ಅರ್ಧ ದಿನ ಪರ್ಮಿಷನ್ ಸಿಗುತ್ತದಾ? ನಮ್ಮಲ್ಲಿ ಇಬ್ಬರು ಸೂಪರ್‌ವೈಸರ್ ಕೆಳಗೆ ನಾನು ಕೆಲಸ ಮಾಡಿದ್ದೇನೆ. ಮೊದಲನೆಯವರ ಹತ್ತಿರ ಹೋಗಿ "ಸಾರ್, ಮಧ್ಯಾಹ್ನ ಮಗಳನ್ನು ಆಸ್ಪತ್ರೆಗೆ ತೋರಿಸಬೇಕು" ಅಂದರೆ, ಮುಖ ಗಂಟು ಹಾಕಿಕೊಂಡಾದರೂ ಗೇಟ್ ಪಾಸ್ ಬರೆಯುತ್ತಿದ್ದರು, ನಾವೂ ಬೆಳಗ್ಗೆ ಬಂದು ಊಟದ ತನಕ ಪೀಸ್ ಕೊಟ್ಟು ಹೋಗುತ್ತಿದ್ದೆವು. ಎರಡನೆಯವನು ಹಾಗಲ್ಲ. ಅರ್ಧ ದಿನ ಕೇಳಿದರೆ "ನಿಮ್ಮಪ್ಪನ ಮನೆ ಅಂದುಕೊಂಡೆಯಾ" ಅನ್ನುತ್ತಿದ್ದ. ಹಾಗೆ ಅನ್ನಿಸಿಕೊಂಡ ಮೇಲೆ ಯಾರು ಕೇಳುತ್ತಾರೆ? ಇಡೀ ದಿನ ಬರುವುದೇ ಇಲ್ಲ, ಮಾರನೇ ದಿನ ಜ್ವರ ಇತ್ತು ಅಂದರೆ ಆಯಿತು. ಬೈಗುಳ ಹೇಗೂ ಇದೆ, ಅರ್ಧ ದಿನಕ್ಕೂ ಅಷ್ಟೇ, ಪೂರ್ತಿ ದಿನಕ್ಕೂ ಅಷ್ಟೇ.

ಲೇಟ್ ಆದರೂ ಅದೇ. ವ್ಯಾನ್ ಕೆಂಗೇರಿ ಹತ್ತಿರ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ನಾವೇನು ಮಾಡಬೇಕು? ಸ್ವಲ್ಪ ತಡ ಆಯಿತು ಅಂತ ಗೇಟಿಂದಲೇ ವಾಪಸ್ ಕಳಿಸಿದರೆ ಆ ದಿನ ಗೈರು. ರಿಜಿಸ್ಟರ್‌ನಲ್ಲಿ ಅದು ಹುಷಾರಿಲ್ಲ ಅಂತ ಆಗಿರುತ್ತದೆ, ಯಾಕೆಂದರೆ ಲೇಟ್ ಬಂದು ವಾಪಸ್ ಹೋದೆ ಅಂತ ಯಾರೂ ಬರೆಸುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಇಂಥವು ಎಷ್ಟಿವೆಯೋ ನೋಡಿ.

ನಿಜವಾಗಿ ಹುಷಾರು ತಪ್ಪಿದ ದಿನದ ಕತೆ ಬೇರೆ. ಇಎಸ್‌ಐ ದುಡ್ಡು ಕೊಡುತ್ತದಲ್ಲ ಅನ್ನುತ್ತಾರೆ ಆಫೀಸಿನವರು. ಕೊಡುತ್ತದೆ, ಸಂಬಳದ 70 ಪರ್ಸೆಂಟ್, ವರ್ಷಕ್ಕೆ 91 ದಿನದ ತನಕ. ಆದರೆ ಮೊದಲ ಎರಡು ದಿನಕ್ಕೆ ಇಲ್ಲ. ಒಂದು ದಿನ ಜ್ವರ ಬಂದು ಮಲಗಿದವಳಿಗೆ ಏನೂ ಬರುವುದಿಲ್ಲ, ಆ ದಿನದ ಕೂಲಿ ಹೋಯಿತು, ಅಟೆಂಡೆನ್ಸ್ ಬೋನಸ್ಸೂ ಹೋಯಿತು. ಚೀಟಿ ಬೇಕು ಅಂದರೆ ಡಿಸ್ಪೆನ್ಸರಿ ಮುಂದೆ ಇನ್ನೊಂದು ದಿನ. ಹಾಗಿದ್ದೂ ಮನೆಯಲ್ಲೇ ಉಳಿದಳು ಅಂದರೆ ಆ ಜಾಗಕ್ಕೆ ಹೋಗುವುದು ಅವಳಿಗೆ ಎಷ್ಟು ಬೇಡವಾಗಿರಬೇಕು, ಯೋಚನೆ ಮಾಡಿ. ದುಡ್ಡು ಕಳೆದುಕೊಂಡು ನಾಟಕ ಆಡುವಷ್ಟು ಶ್ರೀಮಂತರು ನಮ್ಮ ಲೈನ್‌ಗಳಲ್ಲಿ ಯಾರೂ ಇರಲಿಲ್ಲ.

2025ರಲ್ಲಿ ನಮ್ಮ ಸರ್ಕಾರ ತಿಂಗಳಿಗೊಂದು ಸಂಬಳದ ಮುಟ್ಟಿನ ರಜೆ ಅಂತ ಮಾಡಿತು, ಗಾರ್ಮೆಂಟ್‌ನವರಿಗೂ ಸೇರಿಸಿ. ಒಳ್ಳೆಯದೇ. ಆದರೆ ನಾಲ್ಕು ಜನ ಹೆಲ್ಪರ್ ಹುಡುಗರ ಮುಂದೆ ಅಂಥ ಸೂಪರ್‌ವೈಸರ್ ಹತ್ತಿರ ಹೋಗಿ ಅದನ್ನು ಕೇಳುವವಳು ಯಾರು? ಅವಳೂ ಜ್ವರ ಅಂತಲೇ ಹೇಳುತ್ತಾಳೆ.


ತಾಲ್ಲೂಕ್_ಗುಮಾಸ್ತ:

ಗಾರ್ಮೆಂಟ್ ಬಗ್ಗೆ ಗೊತ್ತಿಲ್ಲ, ನಮ್ಮ ಸರ್ಕಾರಿ ಆಫೀಸಿನದು ಹೇಳುತ್ತೇನೆ. ನಮಗೆ ವರ್ಷಕ್ಕೆ 20 ದಿನ ಅರ್ಧ ಸಂಬಳದ ರಜೆ ಸೇರುತ್ತಾ ಹೋಗುತ್ತದೆ, ಡಾಕ್ಟರ್ ಚೀಟಿ ಕೊಟ್ಟರೆ ಎರಡನ್ನು ಸೇರಿಸಿ ಒಂದು ಪೂರ್ತಿ ಸಂಬಳದ ರಜೆ ಮಾಡಿಕೊಳ್ಳಬಹುದು. ಒಬ್ಬರು ಸಾಹೇಬರು ಬಂದಿದ್ದರು, ಫೈಲ್ ಅನ್ನು ಮುಖಕ್ಕೆ ಎಸೆಯುವ ಪೈಕಿ. ಅವರಿದ್ದಷ್ಟು ಕಾಲ ನಮ್ಮ ಸೆಕ್ಷನ್‌ನಲ್ಲಿ ಬಿಪಿ, ಶುಗರ್, ಸ್ಲಿಪ್ ಡಿಸ್ಕ್ ಇಲ್ಲದವರೇ ಇರಲಿಲ್ಲ. ಅವರಿಗೆ ವರ್ಗ ಆಯಿತು. ಅದೇ ಜನ, ಅದೇ ಕುರ್ಚಿ, ಅದೇ ಸೋರುವ ಚಾವಣಿ, ಮೆಡಿಕಲ್ ಲೀವ್ ಅರ್ಜಿ ನಿಂತೇ ಹೋಯಿತು.

ಎಲ್ಲರದ್ದೂ ಸುಳ್ಳಾಗಿತ್ತಾ ಅಂದರೆ ಇಲ್ಲ ಸ್ವಾಮಿ. ಬಿಪಿ ನಿಜವಾಗಿಯೂ ಏರಿತ್ತು, ನನ್ನದೇ ಏರಿತ್ತು. ಎಲೆಕ್ಷನ್ ಡ್ಯೂಟಿ ಬಂದಾಗ ಬರುವ ಬೆನ್ನುನೋವು ಮಾತ್ರ ಬೇರೆ ಜಾತಿಯದ್ದು, ಅದನ್ನು ಇದರ ಜೊತೆ ಸೇರಿಸಬೇಡಿ.


ಉಪ್ಸಾಲಾ_ಕನ್ನಡಿಗ:

ಇಲ್ಲಿ ಸ್ವೀಡನ್‌ನಲ್ಲಿ ಇದ್ದೇನೆ, ಇಪ್ಪತ್ತು ಜನರ ಟೀಮ್ ನೋಡಿಕೊಳ್ಳುತ್ತೇನೆ, ಮ್ಯಾನೇಜರ್ ಆಗುವಾಗ ಈ ವಿಷಯವನ್ನು ಕೂರಿಸಿ ಕಲಿಸಿದರು. ಹಾಗಾಗಿ ಸ್ವಲ್ಪ ಗೊತ್ತು.

ನೀವು ಕೇಳಿದ ಪ್ರಶ್ನೆಯನ್ನೇ ಇಲ್ಲಿ ಸೀದಾ ಕೇಳಿದ್ದಾರೆ. 2008ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಐದು ಸಾವಿರಕ್ಕೂ ಜಾಸ್ತಿ ಉದ್ಯೋಗಿಗಳನ್ನು ನಿಮ್ಮ ಮೇಲಿನವರು ಎಂಥವರು, ನೀವು ಎಷ್ಟು ರಜೆ ಹಾಕಿದಿರಿ ಅಂತ ಕೇಳಿದರು. ಹುರಿದುಂಬಿಸುವಂಥ ಬಾಸ್ ಇದ್ದ ಕಡೆ ಗಂಡಸರಲ್ಲೂ ಹೆಂಗಸರಲ್ಲೂ ಒಂದು ವಾರದೊಳಗಿನ ಸಣ್ಣ ರಜೆಗಳು ಕಮ್ಮಿ. ನಾನು ಹೇಳಿದ್ದೇ ಆಗಬೇಕು ಅನ್ನುವ ಬಾಸ್ ಇದ್ದ ಕಡೆ ಗಂಡಸರ ಒಟ್ಟು ಕಾಯಿಲೆ ದಿನಗಳು ಜಾಸ್ತಿ.

"ಬಾಸ್ ಮೇಲೆ ಸಿಟ್ಟಿದ್ದವರು ಹಾಗೆ ಬರೆದಿರುತ್ತಾರೆ" ಅಂತ ನಿಮ್ಮ ಜಿಎಂ ಅನ್ನಬಹುದು, ಅದು ನ್ಯಾಯವಾದ ಅನುಮಾನವೇ. ಅದಕ್ಕೆ ಇನ್ನೊಂದು ಹೇಳಿ. ಸ್ಟಾಕ್‌ಹೋಮ್‌ನಲ್ಲಿ 3122 ಗಂಡಸರ ಆರೋಗ್ಯವನ್ನು 1990ರ ದಶಕದ ಮೊದಲ ಭಾಗದಲ್ಲಿ ತಪಾಸಣೆ ಮಾಡಿ, ಅವರ ಮೇಲಿನವರ ಬಗ್ಗೆ ಪ್ರಶ್ನೆ ಕೇಳಿ ಬರೆದಿಟ್ಟುಕೊಂಡರು. ನನ್ನ ಕೆಲಸಕ್ಕೆ ಬೇಕಾದ ಮಾಹಿತಿ ಕೊಡುತ್ತಾರಾ, ನನ್ನಿಂದ ಏನು ಬೇಕು ಅಂತ ಸ್ಪಷ್ಟವಾಗಿ ಹೇಳುತ್ತಾರಾ, ನನ್ನ ಬಗ್ಗೆ ಕಾಳಜಿ ಇದೆಯಾ, ಇಂಥ ಪ್ರಶ್ನೆಗಳು. ಆಮೇಲೆ 2003ರ ತನಕ ಆಸ್ಪತ್ರೆ ದಾಖಲೆ ನೋಡಿದರು. ಬಾಸ್‌ಗೆ ಒಳ್ಳೆಯ ಅಂಕ ಕೊಟ್ಟವರಿಗೆ ಹೃದಯದ ಕಾಯಿಲೆ ಕಮ್ಮಿ ಬಂದಿತ್ತು, ಒಂದೇ ಜಾಗದಲ್ಲಿ ಜಾಸ್ತಿ ವರ್ಷ ಇದ್ದವರಲ್ಲಿ ಈ ಸಂಬಂಧ ಇನ್ನೂ ಗಟ್ಟಿ. ಸಿಟ್ಟಿನಿಂದ ಫಾರ್ಮ್ ತುಂಬಬಹುದು, ಹಾರ್ಟ್ ಅಟ್ಯಾಕ್ ಮಾಡಿಕೊಳ್ಳಲು ಆಗುವುದಿಲ್ಲ. ಹಾಗಂತ ಬಾಸ್ ಒಬ್ಬನಿಂದಲೇ ಹೃದಯ ನಿಲ್ಲುತ್ತದೆ ಅಂತ ಆ ಅಧ್ಯಯನ ಹೇಳುವುದಿಲ್ಲ, ನೀವೂ ಹಾಗೆ ಹೇಳಬೇಡಿ, ಜಿಎಂ ಅಲ್ಲೇ ನಿಮ್ಮನ್ನು ಹಿಡಿಯುತ್ತಾರೆ.

ಇಲ್ಲಿನ ವ್ಯವಸ್ಥೆ ಸ್ವರ್ಗ ಅಂದುಕೊಳ್ಳಬೇಡಿ. ಮೊದಲ ದಿನದ ಬಾಬ್ತು ಇಲ್ಲೂ ದುಡ್ಡು ಹಿಡಿಯುತ್ತಾರೆ. ಅದಾದ ಮೇಲೆ 14ನೇ ದಿನದ ತನಕ ಕಂಪನಿಯೇ ಸಂಬಳದ 80 ಪರ್ಸೆಂಟ್ ಕೊಡಬೇಕು, ಡಾಕ್ಟರ್ ಚೀಟಿ ಬೇಕಾಗುವುದು ಎಂಟನೇ ದಿನದಿಂದ. ಒಂದು ವಾರ ನಂಬಿಕೆ ಮೇಲೇ ನಡೆಯುತ್ತದೆ. ನಂಬಿಕೆ ದುರುಪಯೋಗ ಆಗುವುದಿಲ್ಲವಾ? ಆಗುತ್ತದೆ, ಫುಟ್‌ಬಾಲ್ ಮ್ಯಾಚ್ ಮಾರನೇ ದಿನ ನನ್ನ ಟೀಮ್ ನೋಡಬೇಕು ನೀವು. ಆದರೆ ಒಬ್ಬರು ಪದೇ ಪದೇ ರಜೆ ಹಾಕಿದರೆ ಇಲ್ಲಿ ಮ್ಯಾನೇಜರ್ ಕೂರಿಸಿಕೊಂಡು ಕೆಲಸದಲ್ಲಿ ಏನಾದರೂ ತೊಂದರೆ ಇದೆಯಾ ಅಂತ ಕೇಳಬೇಕು. ಲೆಟರ್ ಕೊಡುವುದು ಆಮೇಲಿನ ಮಾತು.

ಅಟೆಂಡೆನ್ಸ್ ಬೋನಸ್ ಬಗ್ಗೆ ಒಂದು ಮಾತು. ಜರ್ಮನಿಯ ಒಂದು ಅಂಗಡಿ ಸರಣಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ ಹುಡುಗಿಯರ ಮೇಲೆ ಇದನ್ನೇ ಪ್ರಯೋಗ ಮಾಡಿದರು, ಕೆಲವು ಅಂಗಡಿಯವರಿಗೆ ರಜೆ ಹಾಕದಿದ್ದರೆ ದುಡ್ಡು, ಕೆಲವರಿಗೆ ಏನೂ ಇಲ್ಲ. ದುಡ್ಡು ಕೊಟ್ಟ ಕಡೆ ಗೈರು ಇಳಿಯಲಿಲ್ಲ, ಏರಿತು, ಅದೂ ಗಣನೀಯವಾಗಿ. ಬರುವುದೇ ಕರ್ತವ್ಯ ಅಂತ ಇದ್ದದ್ದು ಬೋನಸ್ ಇಟ್ಟ ಮೇಲೆ, ಬೋನಸ್ ಬೇಡ ಅಂದರೆ ಬರದಿದ್ದರೂ ನಡೆಯುತ್ತದೆ ಅಂತ ಆಯಿತು. ಗಾರ್ಮೆಂಟ್ ಸಂಬಳದಲ್ಲಿ ಹಾಗೇ ಆಗುತ್ತದೆ ಅಂತ ಅಲ್ಲ, ಅಲ್ಲಿ ಆ ದುಡ್ಡಿಗೆ ಬೆಲೆ ಜಾಸ್ತಿ. ಆದರೆ ಬೋನಸ್ ಏರಿಸಿದರೆ ರಜೆ ಇಳಿಯುತ್ತದೆ ಅನ್ನುವುದನ್ನು ಯಾರೂ ಕಣ್ಣು ಮುಚ್ಚಿ ನಂಬಬಾರದು.


ಪೀಣ್ಯ_ಎಚ್‌ಆರ್:

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಪ್ಲಾನರ್ ಸರ್ ಮತ್ತು ಟೈಲರ್ ಅಕ್ಕ ಹೇಳಿದ್ದನ್ನು ರಿಜಿಸ್ಟರ್‌ನಲ್ಲಿ ಹುಡುಕಿದೆ.

ಉದ್ದ ರಜೆಯವರನ್ನು ತೆಗೆದಿಟ್ಟರೂ ವ್ಯತ್ಯಾಸ ಹೋಗಲಿಲ್ಲ, ಕಮ್ಮಿಯಾಯಿತು. ಉಳಿದದ್ದೆಲ್ಲ ಒಂದೊಂದು ದಿನದ ರಜೆಗಳು. ವಯಸ್ಸು, ಮಕ್ಕಳು, ಕಾಲರ್ ಕಫ್ ಥರದ ಹೊಲಿಗೆ ಕೆಲಸದ ಹಂಚಿಕೆ, ಇವುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇವನು ಬರುವ ಮುಂಚೆ ಆ ಲೈನ್ ಪಕ್ಕದ ಲೈನ್ ಥರವೇ ಇತ್ತು.

ಕಣ್ಣಿಗೆ ಹೊಡೆದದ್ದು ಗೇಟ್ ಪಾಸ್ ಪುಸ್ತಕ. ರಜೆ ಕಮ್ಮಿ ಇರುವ ಲೈನ್‌ನಿಂದ ಅರ್ಧ ದಿನದ ಪಾಸ್‌ಗಳು ಬೇಕಾದಷ್ಟಿವೆ. ಜಾಸ್ತಿ ಇರುವ ಲೈನ್‌ನಿಂದ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಕ್ಕ, ನೀವು ಹೇಳಿದ್ದು ಅಕ್ಷರಶಃ ನಮ್ಮ ಪುಸ್ತಕದಲ್ಲಿದೆ. ಗೇಟಿಂದ ವಾಪಸ್ ಹೋದವರ ಲೆಕ್ಕವನ್ನು ಸೆಕ್ಯೂರಿಟಿಯವರು ಬರೆಯುವುದೇ ಇಲ್ಲವಂತೆ. ಇನ್ನು ಮುಂದೆ ಬರೆಯಿರಿ ಅಂದಿದ್ದೇನೆ.

ಈಗ ಈ ಸೂಪರ್‌ವೈಸರ್‌ನನ್ನು ಬೇರೆ ಲೈನ್‌ಗೆ ಹಾಕಿ ಅಂತ ಕೇಳಲಾ?


ಲೈನ್_ಪ್ಲಾನರ್:

ಸರಿ, ಗೇಟ್ ಪಾಸ್ ಲೆಕ್ಕ ನೋಡಿದ ಮೇಲೆ ನನ್ನ ವಾದ ಅರ್ಧ ಬಿದ್ದುಹೋಯಿತು. ಆದರೂ ಬೇರೆ ಲೈನ್‌ಗೆ ಹಾಕಿ ಅಂತ ಕೇಳಬೇಡಿ. ಅಲ್ಲಿಗೆ ಹೋಗಿ ಅದನ್ನೇ ಮಾಡುತ್ತಾನೆ, ಅಷ್ಟೇ. ಅವನು ಯಾಕೆ ಪಾಸ್ ಕೊಡುವುದಿಲ್ಲ ಅಂತ ಯೋಚಿಸಿ. ಒಬ್ಬಳು ಎದ್ದು ಹೋದರೆ ಕಾಲರ್ ಅಲ್ಲೇ ರಾಶಿ ಬೀಳುತ್ತದೆ, ಮುಂದಿನವರು ಕೈ ಕಟ್ಟಿ ಕೂರುತ್ತಾರೆ, ಮುಂದಿನ ಗಂಟೆ ಬೋರ್ಡ್ ಮೇಲೆ ನಂಬರ್ ಕೆಂಪಾಗುತ್ತದೆ, ಆಗ ಜಿಎಂ ಬಂದು ಅವನಿಗೆ ಬೈಯುತ್ತಾರೆ. ಬೈಗುಳ ಮೇಲಿಂದ ಕೆಳಗೆ ಬರುತ್ತಿದೆ, ಅವನು ನಡುವಿನ ಪೈಪ್.

ಪಕ್ಕದ ಲೈನ್‌ನವರು ಪಾಸ್ ಕೊಟ್ಟೂ ಹೇಗೆ ಸಂಭಾಳಿಸುತ್ತಾರೆ? ನನ್ನ ಊಹೆ, ಅವರು ಬೇರೆ ಲೈನ್‌ನವರಿಂದ ಒಬ್ಬರನ್ನು ಸಾಲ ತರುತ್ತಾರೆ. ಬೆಂಗಳೂರಿನ ಗಾರ್ಮೆಂಟ್ ಫ್ಯಾಕ್ಟರಿಗಳ ಮೇಲೆ ಅರ್ಥಶಾಸ್ತ್ರಜ್ಞರು ಇದನ್ನೇ ಓದಿದ್ದಾರೆ. ಗೈರು ಜಾಸ್ತಿಯಾದ ದಿನ ಲೈನ್ ಮ್ಯಾನೇಜರ್‌ಗಳು ಒಬ್ಬರಿಂದೊಬ್ಬರು ಆಪರೇಟರ್‌ಗಳನ್ನು ಎರವಲು ಪಡೆಯುತ್ತಾರೆ, ಆದರೆ ಎಲ್ಲರಿಂದಲೂ ಅಲ್ಲ, ಹೊಂದಾಣಿಕೆ ಇರುವ ಕೆಲವೇ ಜನರಿಂದ. ಇವತ್ತು ನೀನು ಕೊಡು, ನಾಳೆ ನಾನು ಕೊಡುತ್ತೇನೆ ಅನ್ನುವ ಲೆಕ್ಕ. ಎಲ್ಲರ ಜೊತೆ ಜಗಳ ಆಡಿಕೊಂಡವನಿಗೆ ಯಾರು ಕೊಡುತ್ತಾರೆ? ನಿಮ್ಮ ಹೀರೋಗೆ ಸಾಲ ಕೊಡುವವರು ಯಾರಾದರೂ ಇದ್ದಾರಾ ವಿಚಾರಿಸಿ. ಇಲ್ಲದಿದ್ದರೆ ಫ್ಲೋರ್‌ಗೆ ಎಲ್ಲ ಥರದ ಹೊಲಿಗೆ ಕೆಲಸ ಗೊತ್ತಿರುವ ಒಂದಿಬ್ಬರು ಟೈಲರ್‌ಗಳನ್ನು ಯಾವ ಲೈನ್‌ಗೂ ಸೇರಿಸದೆ ಇಡಿ. ಜಿಎಂಗೆ ಅರ್ಥವಾಗುವ ಭಾಷೆ ಇದು.


ಫ್ಯಾಕ್ಟರಿ_ಡಾಕ್ಟ್ರು:

ಪ್ಲಾನರ್ ಹೇಳಿದ್ದು ಒಪ್ಪುತ್ತೇನೆ, ಒಂದು ಬಿಟ್ಟು. ಮೇಲಿನವರು ಬೈದರು ಅಂತ ಕೆಳಗಿನವರ ಅಪ್ಪ ಅಮ್ಮನನ್ನು ಎಳೆದು ಬೈಯಬೇಕಾಗಿಲ್ಲ. ಪಕ್ಕದ ಲೈನ್‌ಗೂ ಅದೇ ಜಿಎಂ, ಅದೇ ಬೋರ್ಡ್. ಬಾಯಿ ಹಿಡಿತ ಅವನ ಜವಾಬ್ದಾರಿ, ಅದನ್ನು ಬರೆದು ಅವನ ಕೈಗೆ ಕೊಡಿ. ಟಾಯ್ಲೆಟ್‌ಗೆ, ನೀರಿಗೆ ಕೇಳುವ ಪದ್ಧತಿಯನ್ನು ಮಾತ್ರ ಇವತ್ತೇ ತೆಗೆಯಿರಿ, ಅದಕ್ಕೆ ಯಾವ ಲೆಕ್ಕಕ್ಕೂ ಕಾಯಬೇಡಿ.

ಮತ್ತೆ ಜಿಎಂಗೆ ರಜೆ ಇಳಿಸುತ್ತೇನೆ ಅಂತ ಮಾತು ಕೊಡಬೇಡಿ. ಸೂಪರ್‌ವೈಸರ್ ಸರಿಹೋದರೆ ಶುರುವಿನಲ್ಲಿ ರಜೆ ಸ್ವಲ್ಪ ಏರಲೂಬಹುದು, ಇಷ್ಟು ದಿನ ಹೆದರಿ ಜ್ವರದಲ್ಲೂ ಬರುತ್ತಿದ್ದವರು ಧೈರ್ಯವಾಗಿ ಮನೆಯಲ್ಲಿ ಉಳಿಯುತ್ತಾರೆ.


ಹಳೇ_ಟೈಲರ್:

ಮೇಡಂ, ಒಂದು ಕೇಳಿಕೊಳ್ಳುತ್ತೇನೆ. ಹೆಂಗಸರನ್ನು ಮಾತಾಡಿಸಬೇಕು ಅಂದುಕೊಂಡರೆ ನಿಮ್ಮ ಕ್ಯಾಬಿನ್‌ಗೆ ಒಬ್ಬೊಬ್ಬರನ್ನೇ ಕರೆಸಬೇಡಿ. ಗಾಜಿನ ಕ್ಯಾಬಿನ್ ಇರುತ್ತದಲ್ಲ, ಯಾರು ಹೋದರು, ಎಷ್ಟು ಹೊತ್ತು ಕೂತರು ಅಂತ ಇಡೀ ಫ್ಲೋರ್ ನೋಡುತ್ತದೆ, ಸಂಜೆಯೊಳಗೆ ಅವಳಿಗೆ ಆಲ್ಟರ್ ಪೀಸ್, ಅಂದರೆ ಬಿಚ್ಚಿ ಮತ್ತೆ ಹೊಲಿಯಬೇಕಾದ್ದು, ರಾಶಿ ಬೀಳುತ್ತದೆ.


ಉಪ್ಸಾಲಾ_ಕನ್ನಡಿಗ:

ಟೈಲರ್ ಅಕ್ಕ ಹೇಳಿದ್ದಕ್ಕೆ ಒಂದು ದಾರಿ ಇದೆ. ಭಾರತದ್ದೇ 12 ಗಾರ್ಮೆಂಟ್ ಫ್ಯಾಕ್ಟರಿಗಳಲ್ಲಿ 2016ರಲ್ಲಿ ಸಂಬಳ ಏರಿಕೆ ಎಲ್ಲರಿಗೂ ನಿರಾಸೆ ತಂದ ಸಮಯದಲ್ಲಿ, ಚೀಟಿ ಎತ್ತಿದ ಹಾಗೆ ಆರಿಸಿದ ಕೆಲವರಿಗೆ ಹೆಸರು ಹಾಕದೆ ಸಂಬಳ, ಕೆಲಸ, ಸೂಪರ್‌ವೈಸರ್ ಬಗ್ಗೆ ಅನಿಸಿಕೆ ಹೇಳಲು ಬಿಟ್ಟರು. ಅಷ್ಟಕ್ಕೇ ಅವರಲ್ಲಿ ಕೆಲಸ ಬಿಟ್ಟು ಹೋಗುವವರು ಸುಮಾರು ಐದರಲ್ಲಿ ಒಂದು ಪಾಲು ಕಮ್ಮಿಯಾದರು, ಗೈರೂ ಇಳಿಯಿತು. ಹೆಸರಿಲ್ಲದ ಫಾರ್ಮ್ ಒಂದು ಮಾಡಿ, ಎರಡೂ ಲೈನ್‌ಗೆ ಕೊಡಿ, ಒಂದಕ್ಕೇ ಕೊಟ್ಟರೆ ಅವನಿಗೆ ಗೊತ್ತಾಗಿಬಿಡುತ್ತದೆ.


ಹಳೇ_ಟೈಲರ್:

ಫಾರ್ಮ್ ಸರಿ. ಆದರೆ ಕೈಬರಹ ಗುರುತು ಹಿಡಿಯುತ್ತಾರೆ, ಬರೆಸಬೇಡಿ, ಟಿಕ್ ಹಾಕುವ ಥರ ಮಾಡಿ. ಎಲ್ಲರಿಗೂ ಓದಲು ಬರುವುದಿಲ್ಲ, ಒಡಿಶಾ ಹುಡುಗಿಯರಿದ್ದರೆ ಕನ್ನಡವೂ ಬರುವುದಿಲ್ಲ, ಹೊರಗಿನ ಯಾರಾದರೂ ಹೆಂಗಸನ್ನು ಓದಿ ಹೇಳಲು ಕೂರಿಸಿ. ಡಬ್ಬವನ್ನು ಸೂಪರ್‌ವೈಸರ್ ಟೇಬಲ್ ಹತ್ತಿರ ಇಡಬೇಡಿ, ಊಟದ ಹಾಲ್‌ನಲ್ಲಿ ಕೈ ತೊಳೆಯುವ ಕಡೆ ಇಡಿ. ಬೀಗದ ಕೈ ನಿಮ್ಮ ಹತ್ತಿರವೇ ಇರಲಿ.


ಪೀಣ್ಯ_ಎಚ್‌ಆರ್:

ಆಯಿತು ಅಕ್ಕ, ಹಾಗೇ ಮಾಡುತ್ತೇನೆ. ಟಾಯ್ಲೆಟ್ ಪರ್ಮಿಷನ್ ವಿಷಯ ನಾಳೆಯೇ ಎತ್ತುತ್ತೇನೆ. ಗೇಟ್ ಪಾಸ್ ಲೆಕ್ಕ ಮತ್ತು ಎರಡೂ ಲೈನ್‌ನ ತಿಂಗಳ ಪೀಸ್ ಲೆಕ್ಕ ಒಂದೇ ಹಾಳೆಯಲ್ಲಿ ಹಾಕಿ ಜಿಎಂಗೆ ಕೊಡುತ್ತಿದ್ದೇನೆ. ವೈಟ್‌ಹಾಲ್ ಬಗ್ಗೆ ಕೇಳಿದರೆ ಮಾತ್ರ ಹೇಳುತ್ತೇನೆ.